ಕೋಡ್ ಇಲ್ಲ, ಆದರೂ ಪೆಟ್ರೋಲ್ ಕುಡಿಯುವ ಗಾಡಿ

ರಿಯಾದ್‌ನ ಸನಾಯಿಯಾದಲ್ಲಿ, ಅಂದರೆ ಗ್ಯಾರೇಜುಗಳ ಏರಿಯಾದಲ್ಲಿ, ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಹಳೆ ಅಮೆರಿಕನ್ ಪಿಕಪ್‌ಗಳು. ಈ ಚಳಿಗಾಲದಲ್ಲಿ ಬಂದದ್ದು 1990ರ ಶೆವ್ರೊಲೆ, 5.7 ಲೀಟರ್‌ನ ವಿ8 ಇಂಜಿನ್. ಕಾರ್ಬುರೇಟರ್ ಕೂರುವ ಜಾಗದಲ್ಲೇ ಗಾಳಿ ಒಳಬಿಡುವ ಥ್ರಾಟಲ್ ಬಾಡಿ, ಅದರ ತಲೆ ಮೇಲೆ ಪೆಟ್ರೋಲ್ ಚಿಮ್ಮಿಸುವ ಎರಡು ಇಂಜೆಕ್ಟರ್. ಕೆಲಸ ಮಾಡಲು ಇಷ್ಟು ಸಲೀಸಾದ ಇಂಜೆಕ್ಷನ್ ಇನ್ನೊಂದಿಲ್ಲ.

ದೂರು ಹಳೆಯದೇ. ಪೆಟ್ರೋಲ್ ವಿಪರೀತ ಕುಡಿಯುತ್ತದೆ, ಸೈಲೆನ್ಸರ್ ಬಾಯಲ್ಲಿ ಮಸಿ, ಪ್ಲಗ್‌ಗಳು ಕಾಡಿಗೆಯಂತೆ ಕಪ್ಪು. ಡಿಪ್‌ಸ್ಟಿಕ್ ಮೂಸಿದರೆ ಆಯಿಲ್‌ನಲ್ಲೂ ಪೆಟ್ರೋಲ್ ವಾಸನೆ. ಬೇರೆ ಕಡೆ ಪ್ಲಗ್, ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಎಲ್ಲ ಹೊಸದು ಹಾಕಿಸಿಯಾಗಿತ್ತು. ಮಾಲೀಕನಿಗೆ ಬಿಲ್ಲಿನ ಮೇಲೆ ಇದ್ದಷ್ಟು ಸಿಟ್ಟು ಗಾಡಿಯ ಮೇಲೂ ಇರಲಿಲ್ಲ.

ಈ ಕಾಲದ ಗಾಡಿಗೆ ಸ್ಕ್ಯಾನರ್ ಬೇಕಂತಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ 12 ಪಿನ್‌ನ ಕನೆಕ್ಟರ್ ಇರುತ್ತದೆ. ಅದರ ಎ ಮತ್ತು ಬಿ ಪಿನ್‌ಗೆ ಒಂದು ತುಂಡು ವೈರ್ ಸಿಕ್ಕಿಸಿ ಕೀ ಆನ್ ಮಾಡಿದರೆ ಚೆಕ್ ಇಂಜಿನ್ ದೀಪ ಮಿಣುಕಿ ಲೆಕ್ಕ ಹೇಳುತ್ತದೆ. ಬಂದದ್ದು ಬರೀ 12. ಅಂದರೆ ದೋಷ ಹೇಳುವ ಕೋಡ್ ಏನೂ ಇಲ್ಲ.

ಕೋಡ್ ಇಲ್ಲ ಅಂದ ಕೂಡಲೇ ಪಾರ್ಟ್ ಬದಲಿಸುವ ಆಟ ಶುರುವಾಗುತ್ತದೆ. ನಾನು ಮೊದಲು ಪ್ರೆಷರ್ ಗೇಜ್ ಹಾಕಿದೆ. ಇದಕ್ಕೆ ಬೇಕಾದದ್ದು 9ರಿಂದ 13 ಪಿಎಸ್‌ಐ, ಅಷ್ಟೇ ಇತ್ತು. ಏರ್ ಕ್ಲೀನರ್ ತೆಗೆದು, ಇಂಜಿನ್ ಜೊತೆ ಮಿಣುಕುವ ಟೈಮಿಂಗ್ ಲೈಟ್ ಹಿಡಿದು ನೋಡಿದೆ. ಎರಡೂ ಇಂಜೆಕ್ಟರ್ ಚೆನ್ನಾಗಿ ಕೊಡೆಯಾಕಾರದಲ್ಲಿ ಚಿಮ್ಮಿಸುತ್ತಿದ್ದವು, ಇಂಜಿನ್ ಆಫ್ ಮಾಡಿದ ಮೇಲೆ ತೊಟ್ಟಿಕ್ಕಲಿಲ್ಲ. ಮ್ಯಾನಿಫೋಲ್ಡ್, ಅಂದರೆ ಇಂಜಿನ್‌ಗೆ ಗಾಳಿ ಹೋಗುವ ಕೊಳವೆಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೂ ಹೀಗೇ ಆಗುತ್ತದೆ. ಇಂಜಿನ್ ಮೇಲೆ ಭಾರೀ ಲೋಡ್ ಇದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಪೈಪ್ ಗಟ್ಟಿಯಾಗಿತ್ತು, ಐಡಲ್‌ನಲ್ಲಿ ವೋಲ್ಟೇಜೂ ಸರಿ ಇತ್ತು.

ಉಳಿದದ್ದು ಟೆಂಪರೇಚರ್ ಸೆನ್ಸರ್. ಈ ಇಂಜಿನ್‌ನಲ್ಲಿ ಎರಡಿವೆ. ಒಂದು ವೈರ್‌ನದ್ದು ಮೀಟರಿನ ಮುಳ್ಳಿಗೆ. ಮುಂದೆ ಥರ್ಮೋಸ್ಟಾಟ್ ಹತ್ತಿರ ಇರುವ ಎರಡು ವೈರ್‌ನದ್ದು ಕಂಪ್ಯೂಟರಿಗೆ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್. ಬೆಳಿಗ್ಗೆ ಚಳಿಯಲ್ಲಿ ಹೈವೇಯಲ್ಲಿ ಒಂದು ದೊಡ್ಡ ಸುತ್ತು ಹೊಡೆಸಿ ಬಂದು, ಎರಡು ವೈರ್‌ನದ್ದರ ಓಮ್ ಅಳೆದೆ. 1,400ಕ್ಕೂ ಮೇಲೆ! ಬಿಸಿ ಏರಿದಷ್ಟೂ ಇದರ ಓಮ್ ಇಳಿಯಬೇಕು. ಬಿಸಿ ಇಂಜಿನ್‌ನಲ್ಲಿ, ಅಂದರೆ 90 ಡಿಗ್ರಿಯಲ್ಲಿ, 240ರ ಹತ್ತಿರ ಇರಬೇಕು. 1,400 ಅಂದರೆ ಬರೀ 40 ಡಿಗ್ರಿ.

ಇಲ್ಲಿ ಎಷ್ಟೋ ಜನ ಸೆನ್ಸರ್ ಹೋಗಿದೆ ಅಂತ ಹೊಸದು ತರಿಸುತ್ತಾರೆ. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪಕ್ಕದ ಹೌಸಿಂಗ್, ಅಂದರೆ ಥರ್ಮೋಸ್ಟಾಟ್ ಕೂರುವ ಗೂಡಿನ ಕಡೆ ಹಿಡಿದೆ. ಅದೂ ಹೆಚ್ಚು ಕಡಿಮೆ 40 ಅಂತಲೇ ಹೇಳಿತು. ಸೆನ್ಸರ್ ಸುಳ್ಳು ಹೇಳುತ್ತಿರಲಿಲ್ಲ ಮಾರಾಯ್ರೇ, ಇಂಜಿನ್ನೇ ತಣ್ಣಗಿತ್ತು. ಕೋಡ್ ಬರದಿದ್ದದ್ದೂ ಇದಕ್ಕೇ. ತಣ್ಣಗಿನ ಮ್ಯಾನಿಫೋಲ್ಡ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಗೋಡೆಗೆ ಅಂಟುತ್ತದೆ. ಅದನ್ನು ತುಂಬಿಕೊಡಲು ಕಂಪ್ಯೂಟರ್ ಜಾಸ್ತಿ ಕೊಡುತ್ತದೆ. ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು.

ಖಾತ್ರಿಗೆ ಸೆನ್ಸರ್‌ನ ವೈರ್ ಕನೆಕ್ಟರ್ ಕಳಚಿ, ಅದಕ್ಕೆ 220 ಓಮ್‌ನ ರೆಸಿಸ್ಟರ್ ಸಿಕ್ಕಿಸಿದೆ. ಇಂಜಿನ್ ಬಿಸಿಯಾಗಿದೆ ಅಂತ ಕಂಪ್ಯೂಟರ್ ನಂಬಿತು, ಪೆಟ್ರೋಲ್ ವಾಸನೆ ಕಡಿಮೆಯಾಯಿತು. ಕೆಲವರು ಆ ರೆಸಿಸ್ಟರನ್ನೇ ಪರ್ಮನೆಂಟಾಗಿ ಬಿಟ್ಟುಬಿಡುತ್ತಾರೆ. ಅದು ಶುದ್ಧ ಮೋಸ. ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ನಾಳೆ ಇಂಜಿನ್ ಕುದಿದರೂ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ.

ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಬೇಸಿಗೆಯಲ್ಲಿ ಇಂಜಿನ್ ಕುದಿಯಿತು ಅಂತ ಯಾರೋ ಕಿತ್ತು ಬಿಸಾಡಿದ್ದರು. ನಮ್ಮೂರಲ್ಲೂ ಇದೇ ಕಥೆ ಅಲ್ವಾ? ಘಾಟಿ ಹತ್ತುವಾಗ ಜೀಪು ಬಿಸಿಯಾದರೆ ಮೊದಲು ಕೀಳುವುದು ಇದನ್ನೇ. ಇಲ್ಲಿ 45 ಡಿಗ್ರಿ ಬಿಸಿಲಲ್ಲಿ ಅದರ ಪರಿಣಾಮ ಗೊತ್ತಾಗುವುದಿಲ್ಲ, ಡಿಸೆಂಬರ್ ಬಂದಾಗ ಹೊರಬೀಳುತ್ತದೆ. ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಹೇಗಿದ್ದರೂ ತೆರೆದೇ ಇರುತ್ತದೆ. ಬೇಸಿಗೆಯಲ್ಲಿ ಕುದಿಸಿದ್ದು ಅದಲ್ಲ, ನಲ್ಲಿ ನೀರಿನ ಪೊರೆ ಕಟ್ಟಿ ಅರ್ಧ ಮುಚ್ಚಿಹೋಗಿದ್ದ ರೇಡಿಯೇಟರ್. ಅದನ್ನು ಕ್ಲೀನ್ ಮಾಡಿಸಿ, ಕೂಲೆಂಟ್ ತುಂಬಿ, 195 ಡಿಗ್ರಿ ಫ್ಯಾರನ್‌ಹೀಟ್‌ನ, ಅಂದರೆ ಸುಮಾರು 90 ಡಿಗ್ರಿ ಸೆಲ್ಸಿಯಸ್‌ನ ಹೊಸ ಥರ್ಮೋಸ್ಟಾಟ್ ಹಾಕಿದೆ. ಪೆಟ್ರೋಲ್ ಬೆರೆತ ಆಯಿಲನ್ನೂ ಫಿಲ್ಟರನ್ನೂ ಬದಲಿಸಿದೆ. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಅದನ್ನು ಹಾಗೇ ಬಿಟ್ಟು ಗಾಡಿ ಕೊಡುವಂತಿಲ್ಲ.

ಮರುದಿನ ಮಾಲೀಕನ ಫೋನು. ಮೀಟರಿನ ಮುಳ್ಳು ಮಧ್ಯಕ್ಕೆ ಬಂದಿದೆ, ಇಂಜಿನ್ ಬಿಸಿಯಾಗುತ್ತಿದೆ, ಮೊದಲು ಕೆಳಗೇ ಇರುತ್ತಿತ್ತು ಅಂತ ಗಾಬರಿ. ಮುಳ್ಳಿನ ಜಾಗ ಮಧ್ಯವೇ ಅಂತ ಒಪ್ಪಿಸಲು ರಿಪೇರಿಗಿಂತ ಜಾಸ್ತಿ ಹೊತ್ತು ಹಿಡಿಯಿತು. ಈಗ ಥರ್ಮೋಸ್ಟಾಟ್ ಹಾಕಿದ ಪ್ರತಿ ಗಾಡಿಯಲ್ಲೂ ಮಾಲೀಕರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ, ಮುಳ್ಳು ತೋರಿಸಿಯೇ ಕೀ ಕೊಡುತ್ತೇನೆ.