ಯಾರು ಹೇಳಿದರು, ಯಾವತ್ತು ಹೇಳಿದರು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಪ್ರಾಂಗಣದ ಹತ್ತಿರ ಒಣಮೆಣಸಿನಕಾಯಿ ವ್ಯಾಪಾರದ ಕಚೇರಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಖರೀದಿ ಹೆಚ್ಚಾಗಿ ಬ್ಯಾಡಗಿಯದು. ಅಲ್ಲಿ ಸೋಮವಾರ, ಗುರುವಾರ ಟೆಂಡರ್. ಆ ದಿನಗಳಲ್ಲಿ ಖರೀದಿಗೆ ಹೋಗುವವರು ನಸುಕಿನಲ್ಲೇ ಹೊರಟು, ಹಾವೇರಿ, ಮೋಟೆಬೆನ್ನೂರು ದಾಟಿ ಮಾರುಕಟ್ಟೆ ಸೇರುತ್ತಾರೆ. ಕಚೇರಿಯಲ್ಲಿ ಉಳಿದವರು ಮೊಬೈಲ್ ತಡಕಾಡುತ್ತ ಕೂರುತ್ತೇವೆ: ಗುಂಟೂರಿನಲ್ಲಿ ಏನಾಯಿತು, ಮಳೆ ಎಲ್ಲಿ ಬಿತ್ತು, ರಫ್ತಿನ ನಿಯಮ ಬದಲಾಯಿತೇ ಎಂದು. ಎಲ್ಲರೂ ಒಂದನ್ನೇ ಹುಡುಕಿ, ಒಬ್ಬೊಬ್ಬರು ಒಂದೊಂದು ಪುಟ ಓದಿ, ಎಲ್ಲವನ್ನೂ ಕಚೇರಿಯ ಮೊಬೈಲ್ ಗುಂಪಿಗೆ ಹಾಕಿದರೆ ಮಾರುಕಟ್ಟೆಯಲ್ಲಿ ನಿಂತವರಿಗೆ ಓದಲು ಬಿಡುವೆಲ್ಲಿ? ‘ಇದು ತಾನಾಗಿಯೇ ಬರುವಂತೆ ಮಾಡಮ್ಮ’ ಎಂದು ಸಾಹುಕಾರರು ಹೇಳಿದರು. ಟೆಂಡರ್ ಇಲ್ಲದ ಒಂದು ಬುಧವಾರ ಆ ಕೆಲಸಕ್ಕೆ ಕುಳಿತೆ.

ನನಗೆ ಪ್ರೋಗ್ರಾಮಿಂಗ್ ಬಾರದು. ಬೇಕಾಗಿಯೂ ಇಲ್ಲ. ಕೋಡ್ ಬರೆಯದೆ ಒಂದು ಸೇವೆಯನ್ನು ಇನ್ನೊಂದಕ್ಕೆ ಜೋಡಿಸಿಕೊಡುವ ಸಾಧನಗಳು ಈಗ ಹಲವಿವೆ. 2011ರಲ್ಲಿ ಶುರುವಾದ ಜಾಪಿಯರ್ ಅವುಗಳಲ್ಲಿ ಹಳೆಯದು. ನಾನು ಆರಿಸಿಕೊಂಡದ್ದು 2019ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಎನ್‌ಏಟ್‌ಎನ್. ಅದನ್ನು ನಮ್ಮದೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡು ನಡೆಸಬಹುದು. ತಿಂಗಳ ಬಾಡಿಗೆಯ ಮಾತೆತ್ತಿದರೆ ನಮ್ಮ ಸಾಹುಕಾರರ ಮುಖ ಹೇಗಾಗುತ್ತದೆಂದು ಬಲ್ಲವಳಾದ್ದರಿಂದ ಇದೇ ಕ್ಷೇಮ ಅನ್ನಿಸಿತು. ಪರದೆಯ ಮೇಲೆ ಒಂದು ಚೌಕ ಗಂಟೆಗೊಮ್ಮೆ ಎಬ್ಬಿಸುತ್ತದೆ, ಮುಂದಿನದು ಅಂತರ್ಜಾಲ ಹುಡುಕುತ್ತದೆ, ಅದರ ಮುಂದಿನದು ಬೇಡದ್ದನ್ನು ಸೋಸುತ್ತದೆ, ಕೊನೆಯದು ಗುಂಪಿಗೆ ಸಂದೇಶ ಕಳಿಸುತ್ತದೆ. ನಡುವೆ ಗೆರೆ ಎಳೆದರೆ ಆಯಿತು.

ಹುಡುಕುವ ಸೇವೆಯ ಆಯ್ಕೆಗೆ ಮಾತ್ರ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾಯಿತು. ಕಲಿಸಿಕೊಡುವ ಹಳೆಯ ವಿಡಿಯೊಗಳಲ್ಲಿ ಕೆಲವು ಬಿಂಗ್ ಬಳಸಿ ಎನ್ನುತ್ತವೆ. ಹೊರಗಿನವರು ಜೋಡಿಸಿಕೊಳ್ಳುತ್ತಿದ್ದ ಆ ಹುಡುಕಾಟ ಸೇವೆಯನ್ನು ಮೈಕ್ರೋಸಾಫ್ಟ್ 2025ರ ಆಗಸ್ಟ್‌ನಲ್ಲಿ ಮುಚ್ಚಿಬಿಟ್ಟಿದೆ. ನಾನು ಬ್ರೇವ್ ಎಂಬ ಇನ್ನೊಂದು ಹುಡುಕಾಟ ಯಂತ್ರದ ಸೇವೆ ತೆಗೆದುಕೊಂಡೆ. ಸಂದೇಶಕ್ಕೆ ಟೆಲಿಗ್ರಾಂ. ಅಲ್ಲಿ ಬಾಟ್‌ಫಾದರ್ ಎಂಬ ಖಾತೆಗೆ ಕೆಲವು ಸಾಲು ಬರೆದರೆ ನಮ್ಮದೇ ಬಾಟ್, ಅಂದರೆ ತಾನಾಗಿಯೇ ಸಂದೇಶ ಕಳಿಸುವ ಖಾತೆ, ಹುಟ್ಟುತ್ತದೆ, ಅದರ ಗುಪ್ತ ಕೀಲಿಯೂ ಕೈಗೆ ಬರುತ್ತದೆ. ಕೀಲಿ ಸಿಕ್ಕವರು ಬಾಟ್‌ನ ಹೆಸರಿನಲ್ಲಿ ಏನು ಬೇಕಾದರೂ ಕಳಿಸಬಹುದು. ಹಾಗಾಗಿ ಅದನ್ನು ತಿಜೋರಿಯ ಕೀಲಿಕೈಯಂತೆಯೇ ನೋಡಿಕೊಳ್ಳುತ್ತೇನೆ.

ನಮ್ಮ ಗುಮಾಸ್ತರನ್ನು ಎಲ್ಲರೂ ಕಾಕಾ ಎನ್ನುತ್ತೇವೆ. ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಾದ ಡಬ್ಬಿ, ಕಡ್ಡಿ ಎರಡನ್ನೂ ಕಣ್ಣು ಮುಚ್ಚಿ ಕೈಯಲ್ಲೇ ಗುರುತಿಸುವ ಮನುಷ್ಯ. ಅವರು ಮೊದಲು ಕೇಳಿದ್ದು, ‘ತಂಗಿ, ಇದು ನಮ್ಮ ಗುಂಪಿನ ಮಾತನ್ನೆಲ್ಲ ಓದುತ್ತದೆಯೇ?’ ಎಂದು. ಕೇಳಬೇಕಾದ ಪ್ರಶ್ನೆಯೇ. ಎಷ್ಟು ಚೀಲ ಬೇಕು, ಎಲ್ಲಿಯವರೆಗೆ ಏರಬಹುದು ಎಂಬುದು ಪಕ್ಕದ ಅಂಗಡಿಗೆ ಗೊತ್ತಾದರೆ ವ್ಯಾಪಾರವೇ ಮುಗಿಯಿತು. ಟೆಲಿಗ್ರಾಂ ಬಾಟ್‌ಗೆ ಮೊದಲಿನಿಂದಲೇ ಒಂದು ಕಡಿವಾಣವಿರುತ್ತದೆ: ಗುಂಪಿನಲ್ಲಿ ಓರೆಗೆರೆಯಿಂದ ಶುರುವಾಗುವ ಆಜ್ಞೆಗಳು, ತನಗೇ ಬರೆದ ಉತ್ತರಗಳು, ಇಂಥವಷ್ಟೇ ಅದಕ್ಕೆ ತಲುಪುತ್ತವೆ. ಗುಂಪಿನ ಆಡಳಿತ ಅದರ ಕೈಗೆ ಕೊಡಬಾರದು, ಅಷ್ಟೇ. ಆದರೂ ನಾನು ನಿಜವಾದ ಗುಂಪಿಗೆ ಅದನ್ನು ಸೇರಿಸಲಿಲ್ಲ. ಕಾಕಾ ಮತ್ತು ನಾನು ಇಬ್ಬರೇ ಇರುವ ಹೊಸ ಗುಂಪು ಮಾಡಿ ಅಲ್ಲಿ ಬಿಟ್ಟೆ.

ಬಂದ ಮೊದಲ ಸಂದೇಶಗಳಲ್ಲಿ ಅಡುಗೆಮನೆಯೇ ತುಂಬಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದ ಹೆಸರು ದೊಡ್ಡದು. ದೇಶದ ಯಾವ ಮೂಲೆಯಲ್ಲಿ ಸಾರಿನ ಪುಡಿ ಮಾಡಿದರೂ ಅದರ ಹೆಸರು ಬರುತ್ತದೆ. ಜೊತೆಗೆ ಪುಡಿ ಮಾರುವ ಅಂಗಡಿಗಳು, 2011ರಲ್ಲಿ ಸಿಕ್ಕ ಭೌಗೋಳಿಕ ಗುರುತನ್ನು (ಜಿಐ ಟ್ಯಾಗ್) ನಿನ್ನೆ ಸಿಕ್ಕಿತೇನೋ ಎಂಬ ಸಂಭ್ರಮದಲ್ಲಿ ವರ್ಣಿಸುವ ಪುಟಗಳು. ಬೇಡದ ಪದಕ್ಕೆ ಮೊದಲು ಮೈನಸ್ ಚಿಹ್ನೆ ಹಾಕಿ ಪಾಕವಿಧಾನಗಳನ್ನು ಹೊರಗಿಟ್ಟೆ. ಮಾರುಕಟ್ಟೆಯ ಸುದ್ದಿಗೆ ಕನ್ನಡದಲ್ಲಿ ಒಂದು ಹುಡುಕಾಟ, ರಫ್ತಿನ ಸುದ್ದಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಎಂದು ಬೇರೆ ಮಾಡಿದ ಮೇಲೆ ಒಂದು ಹದಕ್ಕೆ ಬಂತು.

ಮಧ್ಯಾಹ್ನ ಕಾಕಾ ಚಹಾ ಲೋಟ ಕೆಳಗಿಟ್ಟು ಮೊಬೈಲ್ ನನ್ನ ಮುಂದೆ ಹಿಡಿದರು. ‘ದರ ಕುಸಿತ: ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ’ ಎಂಬರ್ಥದ ಸುದ್ದಿ. ‘ಯಾರು ಹೇಳಿದರು? ಯಾವತ್ತು?’ ಎಂದರು. ಸಂದೇಶದಲ್ಲಿ ಎರಡೂ ಇರಲಿಲ್ಲ. ಅವರಿಗೆ ಉತ್ತರ ಗೊತ್ತಿತ್ತು. 2024ರ ಮಾರ್ಚ್ 11, ಸೋಮವಾರ. ದರ ದಿಢೀರನೆ ಇಳಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ ದಿನ ಕಾಕಾ ಅಲ್ಲೇ ಇದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಇದನ್ನು ಓದಿದ್ದರೆ ದಾರಿಯ ನಡುವೆಯೇ ಗಾಡಿ ತಿರುಗಿಸುತ್ತಿದ್ದ.

ಆಮೇಲಿನ ಹೊತ್ತೆಲ್ಲ ಆ ಎರಡು ಪ್ರಶ್ನೆಗಳಿಗೇ ಹೋಯಿತು. ಮಾರುಕಟ್ಟೆಯಲ್ಲಿ ಯಾರೂ ಬರೀ ದರ ಹೇಳುವುದಿಲ್ಲ. ಇಂಥ ದಲಾಲಿ ಅಂಗಡಿಯಲ್ಲಿ, ಇಂಥ ಲಾಟ್, ನಾನೇ ನೋಡಿದೆ ಎಂದು ಹೇಳುತ್ತಾರೆ. ಕೇಳುವವನು ಆ ಹೇಳಿದವನ ತೂಕ ನೋಡಿ ನಂಬುತ್ತಾನೆ. ನಾವೇ ಹುಡುಕುವಾಗ ಪುಟದ ಹೆಸರು, ದಿನಾಂಕ ಕಣ್ಣಿಗೆ ಬಿದ್ದಿರುತ್ತದೆ. ಅದೇ ಸುದ್ದಿ ಕಚೇರಿಯ ಗುಂಪಿನಲ್ಲಿ ಬಂದರೆ ಸಾಹುಕಾರರೇ ಹೇಳಿದಷ್ಟು ಗಟ್ಟಿಯಾಗಿ ಕಾಣುತ್ತದೆ. ಇದು ಯಂತ್ರದ ತಪ್ಪಲ್ಲ, ಗುಂಪಿನ ಗುಣ.

ಬ್ರೇವ್‌ಗೆ ಕೇಳುವ ಪ್ರಶ್ನೆಯಲ್ಲೇ ತಾಜಾತನದ ಮಿತಿ ಹಾಕಬಹುದು. ಕಳೆದ ಒಂದು ದಿನದ್ದು ಮಾತ್ರ ಎಂದು ಹಾಕಿದೆ. ಸಂದೇಶದ ಮೊದಲ ಸಾಲು ದಿನಾಂಕ, ಎರಡನೆಯದು ಪತ್ರಿಕೆಯ ಅಥವಾ ಇಲಾಖೆಯ ಹೆಸರು, ಆಮೇಲೆ ಶೀರ್ಷಿಕೆ, ಕೊಂಡಿ. ದಿನಾಂಕ ಸಿಗದ ಪುಟ ಗುಂಪಿಗೆ ಬರುವುದೇ ಇಲ್ಲ. ಕಳಿಸಿದ ಕೊಂಡಿಗಳೆಲ್ಲ ಗೂಗಲ್ ಶೀಟ್‌ನಲ್ಲಿ ಸೇರುತ್ತವೆ. ಹೊಸದು ಬಂದಾಗ ಅದರಲ್ಲಿದೆಯೇ ಎಂದು ನೋಡಿ, ಇದ್ದರೆ ಬಿಟ್ಟುಬಿಡುತ್ತದೆ. ಇದಿಲ್ಲದಿದ್ದರೆ ಗಂಟೆಗೊಮ್ಮೆ ಅದೇ ಸುದ್ದಿ ಬಂದು ಸಂಜೆಯೊಳಗೆ ಎಲ್ಲರೂ ಗುಂಪಿನ ಸದ್ದು ಅಡಗಿಸಿಬಿಡುತ್ತಿದ್ದರು.

ಇಷ್ಟಾದರೂ ಒಂದು ಜಾತಿಯ ಪುಟಗಳು ತಪ್ಪಿಸಿಕೊಂಡು ಬಂದವು. ತಲೆಯಲ್ಲಿ ಇಂದಿನ ದಿನಾಂಕ, ಒಳಗೆ ಯಾವ ಕಾಲದ್ದೋ ದರಪಟ್ಟಿ. ಕ್ವಿಂಟಲ್‌ಗೆ ಇಷ್ಟು ಎಂದು ಧೈರ್ಯವಾಗಿ ಬರೆದಿರುತ್ತಾರೆ, ಡಬ್ಬಿಯೋ ಕಡ್ಡಿಯೋ ಎಂಬುದೂ ಇರುವುದಿಲ್ಲ. ಹುಡುಕಾಟದಿಂದ ದರ ತರುವುದೇ ಬೇಡವೆಂದು ಕಾಕಾ ಕಡ್ಡಿ ಮುರಿದಂತೆ ಹೇಳಿದರು. ದರಕ್ಕೆ ರಾಜ್ಯದ ಕೃಷಿ ಮಾರಾಟವಾಹಿನಿ, ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣಗಳಿವೆ. ಅದಕ್ಕೂ ಮೊದಲು ಬ್ಯಾಡಗಿಯಲ್ಲಿ ನಿಂತ ನಮ್ಮವರ ಫೋನ್ ಇದೆ. ದರ ಮಾರುವ ಪುಟಗಳ ಹೆಸರುಗಳನ್ನು ಬರೆದು ಸೋಸುವ ಚೌಕಕ್ಕೆ ಹಾಕಿದೆ. ಆ ಪಟ್ಟಿ ಈಗಲೂ ಬೆಳೆಯುತ್ತಿದೆ.

ನಿಜವಾದ ಗುಂಪಿಗೆ ಬಿಟ್ಟ ಮೇಲೆ ಹೆಚ್ಚು ಉಪಯೋಗವಾಗಿರುವುದು ರಫ್ತಿನ ಹುಡುಕಾಟ. ಒಣಮೆಣಸಿನಕಾಯಿಯಲ್ಲಿ ಬೂಷ್ಟಿನಿಂದ ಹುಟ್ಟುವ ವಿಷವಾದ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಯುರೋಪಿನ ಒಕ್ಕೂಟದ ನಿಯಮವಿದೆ. ಅಲ್ಲಿಗೆ ಮಾಲು ಕಳಿಸುವವರು ನಮ್ಮಲ್ಲಿ ಕೊಳ್ಳುತ್ತಾರೆ. ತಪಾಸಣೆ ಬಿಗಿಯಾದ ಸುದ್ದಿ ಬಂದ ದಿನ ಅವರ ಫೋನ್ ಬರುವ ಮೊದಲೇ ನಮಗೆ ತಿಳಿದಿರುತ್ತದೆ, ತೇವ ಹೆಚ್ಚಿದ ಲಾಟ್ ಮುಟ್ಟಬೇಡಿ ಎಂದು ಬ್ಯಾಡಗಿಗೆ ಹೇಳಲು ಹೊತ್ತು ಸಿಗುತ್ತದೆ.

ಈಗ ಸಾಹುಕಾರರಿಗೆ ಹೊಸ ಆಸೆ. ಕೃತಕ ಬುದ್ಧಿಮತ್ತೆಯ ಚೌಕವೊಂದನ್ನು ನಡುವೆ ಸೇರಿಸಿ ಎಲ್ಲ ಸುದ್ದಿಯನ್ನೂ ನಾಲ್ಕು ಸಾಲಿಗೆ ಇಳಿಸಬೇಕಂತೆ. ಅದು ಸಾಧ್ಯ, ಕಷ್ಟವೂ ಅಲ್ಲ. ಆದರೆ ಹಾಗೆ ಇಳಿಸುವಾಗ ಮೊದಲು ಉದುರುವುದೇ ಯಾರು, ಯಾವತ್ತು ಎಂಬ ಎರಡು ಸಾಲು. ಕಾಕಾ ಒಪ್ಪಿಲ್ಲ. ಸಾರಾಂಶದ ಮೇಲ್ಗಡೆ ಆ ಎರಡು ಸಾಲು ಹಾಗೇ ಉಳಿಯುವುದಾದರೆ, ಅದೂ ಇಬ್ಬರೇ ಇರುವ ಗುಂಪಿನಲ್ಲಿ, ಒಮ್ಮೆ ನೋಡೋಣ ಎಂದು ನಾನು ಹೇಳಿದ್ದೇನೆ. ಇಬ್ಬರಲ್ಲ, ಮೂವರು ಎಂದು ಸಾಹುಕಾರರು ತಮ್ಮ ನಂಬರನ್ನೂ ಅದಕ್ಕೆ ಸೇರಿಸಿಕೊಂಡಿದ್ದಾರೆ.