ಎಲ್ಲಾ ಮೊಬೈಲ್‌ನಲ್ಲೇ ಆಗುವಾಗ ಮಾರ್ಕೆಟಿಂಗ್ ವಿಭಾಗ ಯಾಕೆ ಬೇಕು?

ಕಲಬುರಗಿಯ ದಾಲ್ ಮಿಲ್‌ಗಳ ಮಾರ್ಕೆಟಿಂಗ್ ಕೆಲಸ ನನ್ನದು. ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯ ಮಾರುಕಟ್ಟೆಯಲ್ಲಿ, ಯಾರೇ ಸಿಕ್ಕರೂ ಇದನ್ನೇ ಕೇಳುತ್ತಾರೆ: "ಈಗ ಎಲ್ಲಾ ಮೊಬೈಲ್‌ನಾಗೇ ಆಗ್ತದಲ್ರೀ. ಒಬ್ಬ ಹುಡುಗನ್ನ ಇಟ್ಕೊಂಡು ಇನ್‌ಸ್ಟಾಗ್ರಾಂನಾಗ ಹಾಕಿಸಿದ್ರೆ ಸಾಕು. ಅದಕ್ಕೊಂದು ಡಿಪಾರ್ಟ್‌ಮೆಂಟ್ ಯಾಕ್ ಬೇಕು?"

ಬೇಕು. ಮೊದಲಿಗಿಂತ ಜಾಸ್ತಿ ಬೇಕು. ಆದರೆ ಮೊದಲು ಮಾಡುತ್ತಿದ್ದ ಕೆಲಸಕ್ಕಲ್ಲ.

ಮೊದಲು ಏನಿತ್ತು? ಗೋಡೆ ಬರಹ, ಶರಣಬಸವೇಶ್ವರ ಜಾತ್ರೆಗೆ ಬ್ಯಾನರ್, ಹೊಸ ವರ್ಷಕ್ಕೆ ಕ್ಯಾಲೆಂಡರ್, ಆಟೋಕ್ಕೆ ಮೈಕ್. ಹೇಳಿ ಮುಗಿಸಿದರೆ ಕೆಲಸವೂ ಮುಗಿಯಿತು. ಬೇಳೆ ಹೇಗಿತ್ತು ಅನ್ನೋದನ್ನು ಗಿರಾಕಿ ಕಿರಾಣಿ ಅಂಗಡಿಯಲ್ಲಿ ಹೇಳುತ್ತಿದ್ದರು. ಅಂಗಡಿಯವರು ಏಜೆಂಟರಿಗೆ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಮಾತು ಮಿಲ್‌ಗೆ ಮುಟ್ಟುವಷ್ಟರಲ್ಲಿ ಆ ಲಾಟೇ ಖಾಲಿ.

ಈಗ ಪ್ಯಾಕೆಟ್ ಮೇಲೆ ಮಿಲ್‌ನ ಫೋನ್ ನಂಬರ್ ಇದೆ. 2018ರಲ್ಲಿ ವಾಟ್ಸಾಪ್ ಬಿಸಿನೆಸ್ ಬಂದ ಮೇಲೆ ಸಣ್ಣ ಮಿಲ್‌ನವರೂ ಅದನ್ನೇ ಅಂಗಡಿ ಬಾಗಿಲು ಮಾಡಿಕೊಂಡಿದ್ದಾರೆ. ಬೆಂಗಳೂರಿನಿಂದ ಒಬ್ಬರು ಫೋಟೋ ಕಳಿಸುತ್ತಾರೆ: "ಎಷ್ಟು ಸೀಟಿ ಹೊಡೆದರೂ ಬೇಳೆ ಬೇಯುತ್ತಿಲ್ಲ." ಪೋಸ್ಟ್ ಹಾಕುವ ಹುಡುಗ ಇದಕ್ಕೆ ಏನು ಹೇಳಬೇಕು? "ಕ್ಷಮಿಸಿ" ಅಂತ ಬರೆಯಬಹುದು, ಅಷ್ಟೇ.

ಮಾರ್ಕೆಟಿಂಗ್‌ನವರ ನಿಜವಾದ ಕೆಲಸ ಇಲ್ಲೇ ಶುರು. ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರ್ ಕೇಳಬೇಕು. ಪ್ಯಾಕಿಂಗ್ ಮಾಡುವವರ ಹತ್ತಿರ ಹೋಗಿ ಆ ಲಾಟ್‌ನಲ್ಲಿ ಹಳೆಯ ತೊಗರಿ ಸೇರಿತ್ತಾ ಅಂತ ನೋಡಬೇಕು. ಬಹಳ ದಿನ ಗೋದಾಮಿನಲ್ಲಿದ್ದ ಕಾಳು ಬೇಗ ಬೇಯುವುದಿಲ್ಲ. ಅವರ ಮನೆಯದು ಬೋರ್‌ವೆಲ್ ನೀರಾ ಅಂತಲೂ ಕೇಳಬೇಕು. ಗಡಸು ನೀರಲ್ಲಿ ಒಳ್ಳೆ ಬೇಳೆಯೂ ತಡ ಮಾಡುತ್ತದೆ. ಅದೇ ಬ್ಯಾಚ್‌ಗೆ ಇನ್ನೂ ಒಂದೆರಡು ದೂರು ಬಂದರೆ, ಉಳಿದ ಚೀಲಗಳನ್ನು ಲಾರಿಗೆ ಏರಿಸದಂತೆ ತಡೆಯುವ ಅಧಿಕಾರ ಅವರಿಗಿರಬೇಕು. ಬಹಳಷ್ಟು ಮಾಲೀಕರು ಒಪ್ಪದೇ ಇರುವುದು ಇದನ್ನೇ. ನನ್ನ ಪ್ರಕಾರ, ಆ ಅಧಿಕಾರ ಇಲ್ಲದಿದ್ದರೆ ಆ ವಿಭಾಗ ಇಟ್ಟುಕೊಳ್ಳುವುದು ಸುಮ್ನೆ ಖರ್ಚು.

ಇನ್ನೊಂದು, ಹೇಳಿದ್ದು ನಿಜವಾ ಅಂತ ನೋಡಿಕೊಳ್ಳುವುದು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇದೇ ಊರಿನದು ಅನ್ನೋ ಭೌಗೋಳಿಕ ಗುರುತು, ಸಿಕ್ಕಿತು. ಹಾಗಂತ ಯಾರು ಬೇಕಾದರೂ ಆ ಗುರುತು ಹಾಕಿಕೊಳ್ಳುವ ಹಾಗಿಲ್ಲ, ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಬೇಕು. ಬೇರೆ ಊರಿನ ಕಾಳು ಒಡೆದು ಆನ್‌ಲೈನ್‌ನಲ್ಲಿ "ಕಲಬುರಗಿ ತೊಗರಿ" ಅಂತ ಬರೆದರೆ ಪೆಟ್ಟು ಬೀಳುವುದು ಇಲ್ಲಿನ ರೈತರ ಹೆಸರಿಗೆ. ಇದನ್ನು ನೆನೆದರೇ ನನಗೆ ಸಂಕಟವಾಗುತ್ತದೆ. "ಪಾಲಿಶ್ ಮಾಡಿಲ್ಲ" ಅನ್ನೋ ಮಾತಿಗೂ ಇದೇ ಲೆಕ್ಕ. ದುಡ್ಡು ಕೊಟ್ಟು ರೀಲ್ಸ್ ಮಾಡಿಸಿದರೆ ಅದು ಜಾಹೀರಾತು ಅಂತ ಹಾಕಲೇಬೇಕು ಎಂದು ಜಾಹೀರಾತು ಮಾನದಂಡ ಸಂಸ್ಥೆ 2021ರಲ್ಲೇ ಹೇಳಿದೆ.

ಇದಕ್ಕೆಲ್ಲ ದೊಡ್ಡ ಆಫೀಸು ಬೇಡ. ಸಣ್ಣ ಮಿಲ್‌ಗೆ ಒಬ್ಬರು ಸಾಕು. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುವಾಗ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಬೇಡಿ. ಗಂಜಿಗೆ ಕಳಿಸಿ, ಮಿಲ್‌ನಲ್ಲಿ ನಿಲ್ಲಿಸಿ. ಕಾಳು ಹೇಗೆ ಒಣಗುತ್ತದೆ, ಹೇಗೆ ಒಡೆಯುತ್ತದೆ, ನುಚ್ಚು ಎಲ್ಲಿ ಬೇರೆಯಾಗುತ್ತದೆ ಅಂತ ನೋಡಲಿ. ರೀಲ್ಸ್ ಆಮೇಲೆ ಮಾಡಿದರಾಯಿತು.