ಹಂದ್ರಿಯ ನೆತ್ತಿಯ ಮೇಲೆ ತುಂಗಭದ್ರೆ

ಮಂತ್ರಾಲಯಕ್ಕೆ ಬಂದವರು ರಾಯರ ದರ್ಶನ ಮಾಡಿ, ಹೊಳೆಯಲ್ಲಿ ಮುಳುಗೆದ್ದು, ಪರಿಮಳ ಪ್ರಸಾದ ಕಟ್ಟಿಸಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ಅದೇ ಹೊಳೆಯ, ಅಂದರೆ ತುಂಗಭದ್ರೆಯ, ನೀರು ಕರ್ನೂಲಿನಲ್ಲಿ ಕಾಲುವೆಯಾಗಿ ಹಂದ್ರಿ ಎಂಬ ಇನ್ನೊಂದು ನದಿಯ ಮೇಲೆ ಹಾದುಹೋಗುತ್ತದೆ; ನೋಡಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದಾರಿ ಎಮ್ಮಿಗನೂರು, ಕೋಡುಮೂರು ಮೇಲೆ. ಆದೋನಿ, ಮಂತ್ರಾಲಯದ ಕಡೆ ಕನ್ನಡ ನಡೆಯುತ್ತದೆ, ಕರ್ನೂಲಿನಲ್ಲಿ ತೆಲುಗು ಬೇಕು. ಆಟೋದವರನ್ನು ‘ಕೆ.ಸಿ. ಕೆನಾಲ್ ಹಂದ್ರಿ ದಾಟೋ ಜಾಗ’ ಎಂದೇ ಕೇಳಿ.

ಕೆ.ಸಿ. ಅಂದರೆ ಕರ್ನೂಲು–ಕಡಪ. ಬ್ರಿಟಿಷ್ ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್ ಬೆನ್ನಿಗೆ ನಿಂತ ಮದ್ರಾಸ್ ಇರಿಗೇಷನ್ ಕಂಪನಿ 1860ರ ದಶಕದಲ್ಲಿ ತೋಡಿಸಿದ ಈ ಕಾಲುವೆ ಸುಮಾರು 306 ಕಿ.ಮೀ. ಉದ್ದ. ಕಂಪನಿ ನೀರಿನ ತೀರುವೆಯ ಜೊತೆ ದೋಣಿ ಸಾಗಣೆಯ ವರಮಾನವನ್ನೂ ನಂಬಿತ್ತು. ಎರೆಹೊಲದ ರೈತರಿಗೆ ಮಳೆ ಚೆನ್ನಾಗಿ ಬಂದ ವರ್ಷ ಕಾಲುವೆ ನೀರೇ ಬೇಡ. ಲೆಕ್ಕ ತಪ್ಪಿತು, 1882ರಲ್ಲಿ ಸರ್ಕಾರ ಕೊಂಡುಕೊಂಡಿತು.

ದೋಣಿಯ ಆ ಆಸೆಯನ್ನು ನೆನಪಿನಲ್ಲಿಟ್ಟುಕೊಂಡು, ಕಾಲುವೆಯನ್ನು ಹಂದ್ರಿಯ ಮೇಲೆ ದಾಟಿಸುವ ಮೇಲ್ಗಾಲುವೆಯನ್ನು ನೋಡಬೇಕು. ನದಿಯ ತಳದಡಿ ಕೊಳವೆ ಹಾಕಿ ನೀರನ್ನು ಆಚೆ ದಡದಲ್ಲಿ ಎಬ್ಬಿಸಬಹುದು, ಆದರೆ ಅದರೊಳಗೆ ದೋಣಿ ತೂರುವುದಿಲ್ಲ. ಹೂಳು ಕಟ್ಟಿದರೆ ತೆಗೆಯುವುದೂ ಕಷ್ಟ. ಮೇಲೆ ತೆರೆದ ತೊಟ್ಟಿಯಾದರೆ ಎರಡೂ ಚಿಂತೆಯಿಲ್ಲ, ಭಾರವೊಂದೇ ಚಿಂತೆ. ಒಂದು ಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ ಒಂದು ಟನ್ ತೂಗುತ್ತದೆ. ಹಂಪಿಯಲ್ಲಿ ಕಲ್ಲುಕಂಬದ ಮೇಲೆ ಕಲ್ಲಿನ ತೊಟ್ಟಿ ಕೂರಿಸಿದ ಸಣ್ಣ ಕಾಲುವೆ ನೋಡಿದ್ದೀರಲ್ಲ, ಅಲ್ಲಿ ಹರಿಯುವುದು ಕಿರುತೊರೆಯಷ್ಟು ನೀರು. ಇಷ್ಟಗಲದ ಕಾಲುವೆಗೆ ಅಡ್ಡಗಲ್ಲು ಹಾಸಿದರೆ ನಡುವೆ ಬಿರಿಯುತ್ತದೆ. ಕಮಾನಿನಲ್ಲಾದರೆ ಮೇಲಿನ ಹೊರೆ ಕಲ್ಲನ್ನು ಕಲ್ಲಿಗೆ ಅದುಮುತ್ತಾ ಕಂಬಕ್ಕೆ ಇಳಿಯುತ್ತದೆ.

ಇಂಥ ಕಟ್ಟಡವನ್ನು ಕೆಡಿಸುವುದು ಭಾರಕ್ಕಿಂತ ಹೆಚ್ಚಾಗಿ ಸೋರಿಕೆ. ಕಮಾನಿನ ಒಡಲಲ್ಲಿ ಬಿಳಿ ಗೆರೆ ಇಳಿದಿದ್ದರೆ ಅದು ನೀರಿನಲ್ಲಿ ಕರಗಿ ಹೊರಬಂದ ಗಾರೆಯ ಸುಣ್ಣ. ಸುಣ್ಣ ಹೋದಷ್ಟೂ ಸಂದು ಸಡಿಲ. ಆ ಸಂದಿನಲ್ಲಿ ಅರಳಿ ಬೀಜ ಬಿದ್ದರೆ ಬೇರು ಕಲ್ಲನ್ನೇ ಸರಿಸುತ್ತದೆ. ಕೆಳಗಿನಿಂದ ಸಿಮೆಂಟು ಮೆತ್ತುವುದು ಸುಲಭದ ರಿಪೇರಿ, ಕೆಟ್ಟ ರಿಪೇರಿ: ತೇವ ಒಳಗೇ ಉಳಿದು ಹಳೆಯ ಗಾರೆ ಪುಡಿಯಾಗುತ್ತದೆ. ಸೋರಿಕೆ ನಿಲ್ಲಿಸಬೇಕಾದದ್ದು ಮೇಲೆ, ನೀರು ಬಂದ್ ಆದಾಗ. ಇನ್ನೊಂದು ಅಪಾಯ ಕಂಬದ ಬುಡದ ಮಣ್ಣು ಕೊಚ್ಚಿಹೋಗುವುದು. ಹಂದ್ರಿ ಬೇಸಿಗೆಯಲ್ಲಿ ಬಡವಿ ಎಂದು ಹಗುರಾಗಿ ಕಾಣಬೇಡಿ. 2009ರ ಅಕ್ಟೋಬರಿನಲ್ಲಿ ಅದೂ ತುಂಗಭದ್ರೆಯೂ ಒಟ್ಟಿಗೆ ಉಕ್ಕಿ ಕರ್ನೂಲು ಮುಳುಗಿತ್ತು.

ಮೇಲೆ ನೀರು ಹರಿಯುವುದನ್ನು ನೋಡಬೇಕಾದರೆ ಆಗಸ್ಟ್ ನಂತರ ಹೋಗಿ. ತೊಟ್ಟಿಯ ಒಳಗೋಡೆ ಕಾಣಬೇಕಾದರೆ ಬೇಸಿಗೆ. ಕೆಳಗಿನ ನದಿಗೆ ಪಟ್ಟಣದ ಚರಂಡಿ ಸೇರುತ್ತದೆ, ಮೂಗು ಮುಚ್ಚಿಕೊಳ್ಳಬೇಕಾದೀತು. ಅಂಚಿನ ಮೇಲೆ ನಡೆಯಬೇಡಿ, ಪಾಚಿ ಜಾರುತ್ತದೆ.

ಸಮಯವಿದ್ದರೆ ಸುಮಾರು 27 ಕಿ.ಮೀ. ಮೇಲಿನ ಸುಂಕೇಸುಲಕ್ಕೆ ಹೋಗಿ. ಕಾಲುವೆ ತುಂಗಭದ್ರೆಯಿಂದ ಕವಲೊಡೆಯುವುದು ಅಲ್ಲಿ. ಕೃಷ್ಣಾ ನೀರು ಹಂಚಿಕೆಯ ಬಚಾವತ್ ತೀರ್ಪಿನಲ್ಲಿ ಈ ಕಾಲುವೆಯ ಪಾಲು 39.9 ಟಿಎಂಸಿ, ಅದರಲ್ಲಿ 10 ಟಿಎಂಸಿ ನಮ್ಮ ಹೊಸಪೇಟೆ ಡ್ಯಾಂನಿಂದಲೇ ಬಿಡಬೇಕು. ಆ ನೀರು ರಾಜೋಳಿಬಂಡೆ ಅಣೆಕಟ್ಟು ದಾಟಿ, ಮಂತ್ರಾಲಯದ ಸ್ನಾನಘಟ್ಟ ಹಾದು ಇಲ್ಲಿಗೆ ಬರುತ್ತದೆ. ಕರ್ನೂಲಿನ ಕಮಾನಿನ ಕೆಳಗಿನ ಹಂದ್ರಿ ಸ್ವಲ್ಪ ಮುಂದೆ ತುಂಗಭದ್ರೆಯನ್ನೇ ಸೇರಿ ಕೃಷ್ಣೆಯತ್ತ ಹೋಗುತ್ತದೆ. ಮೇಲಿನ ತುಂಗಭದ್ರೆ ಮಾತ್ರ ಪೆನ್ನಾರ್ ಸೀಮೆಯ ಕಡಪಕ್ಕೆ.